ಸತ್ಯೇಂದ್ರನಾಥ ಬೋಸ್: ತಾಯ್ನುಡಿಯನ್ನು ಬಿಡದೆ ಬೆಳಕನ್ನು ಎಣಿಸಿದ ಮೇಷ್ಟ್ರು

ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರದಲ್ಲಿ ಗಡಿನಾಡಿನ ನಮ್ಮ ಮನೆಗಳಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಒಂದೇ. ಮಗನೋ ಮಗಳೋ ಕನ್ನಡ ಮಾಧ್ಯಮದಲ್ಲಿ ಓದಿ ಒಳ್ಳೆಯ ಅಂಕ ಪಡೆದಿರುತ್ತಾರೆ; ವಿಜ್ಞಾನ ಓದುವ ಆಸೆಯೂ ಇರುತ್ತದೆ. ಆದರೆ ಕಾಸರಗೋಡಿನಲ್ಲಿ ಪ್ಲಸ್ ವನ್ ಆಗಲಿ, ಜತ್ತ, ಅಕ್ಕಲಕೋಟೆಗಳಲ್ಲಿ ಹನ್ನೊಂದನೆಯ ತರಗತಿಯಾಗಲಿ, ಭೌತಶಾಸ್ತ್ರದ ಪುಸ್ತಕ ತೆರೆದೊಡನೆ ಎದುರಾಗುವುದು ಇಂಗ್ಲಿಷ್. ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಇಳಿದಾಗ, ಮಗುವನ್ನು ಕನ್ನಡ ಶಾಲೆಗೆ ಹಾಕಿದ್ದೇ ತಪ್ಪಾಯಿತೇನೋ ಎಂಬ ಅಳುಕು ತಂದೆತಾಯಿಯರನ್ನು ಕಾಡತೊಡಗುತ್ತದೆ. ಕೆಲವರು ಚಿಕ್ಕ ಮಗುವನ್ನು ಆ ವರ್ಷವೇ ಬೇರೆ ಮಾಧ್ಯಮದ ಶಾಲೆಗೆ ಸೇರಿಸುತ್ತಾರೆ.

ಈ ಅಳುಕನ್ನು ನಾವು ಹಗುರವಾಗಿ ಕಾಣುವುದಿಲ್ಲ. ಒಂದೇ ಮಾತಿನಲ್ಲಿ ಉತ್ತರ ಹೇಳಿ ಮುಗಿಸುವ ವಿಷಯವೂ ಇದಲ್ಲ. ಆದರೆ ಇದೇ ಪ್ರಶ್ನೆಯೊಡನೆ ಬಾಳಿದ ಭೌತವಿಜ್ಞಾನಿಯೊಬ್ಬರ ಜೀವನವನ್ನು ಇಂದು ಓದುಗರ ಮುಂದಿಡಬೇಕೆನಿಸಿದೆ. ಅವರು ಸತ್ಯೇಂದ್ರನಾಥ ಬೋಸ್. ಬೋಸಾನ್ ಎಂಬ ಹೆಸರಿನ ಮೂಲಕ ಜಗತ್ತಿನ ಎಲ್ಲ ಭೌತಶಾಸ್ತ್ರ ಪುಸ್ತಕಗಳಲ್ಲಿಯೂ ನೆಲೆಸಿರುವ ಈ ಮಹನೀಯರು ತಮ್ಮ ಬಾಳಿನ ಕೊನೆಯ ಕಾಲು ಶತಮಾನವನ್ನು ಬಂಗಾಳಿ ಭಾಷೆಯಲ್ಲಿ ವಿಜ್ಞಾನವನ್ನು ಬೆಳೆಸಲು ಮುಡಿಪಿಟ್ಟವರು.

ನೆಲದ ಮೇಲಿನ ಲೆಕ್ಕಗಳು

ಸತ್ಯೇಂದ್ರನಾಥರು 1894ರ ಜನವರಿ 1ರಂದು ಕಲ್ಕತ್ತದಲ್ಲಿ ಜನಿಸಿದರು. ತಂದೆ ಸುರೇಂದ್ರನಾಥ ಬೋಸ್ ಈಸ್ಟ್ ಇಂಡಿಯನ್ ರೈಲ್ವೆಯಲ್ಲಿ ನೌಕರರು. ತಾಯಿ ಆಮೋದಿನೀ ದೇವಿ. ಏಳು ಮಕ್ಕಳಲ್ಲಿ ಸತ್ಯೇಂದ್ರರೇ ಹಿರಿಯರು, ಒಬ್ಬರೇ ಗಂಡುಮಗು. ಉಳಿದ ಆರು ಮಂದಿ ತಂಗಿಯರು. ಕೆಲಸಕ್ಕೆ ಹೊರಡುವ ಮುನ್ನ ತಂದೆ ಮನೆಯ ನೆಲದ ಮೇಲೆ ಲೆಕ್ಕಗಳನ್ನು ಬರೆದಿಟ್ಟು ಹೋಗುತ್ತಿದ್ದರೆಂದೂ, ಸಂಜೆ ಅವರು ಮರಳುವಷ್ಟರಲ್ಲಿ ಬಾಲಕ ಅವನ್ನೆಲ್ಲ ಬಿಡಿಸಿರುತ್ತಿದ್ದನೆಂದೂ ಅವರ ಜೀವನಚರಿತ್ರೆಗಳು ಹೇಳುತ್ತವೆ. ಮನೆಯಲ್ಲಿ ಸಿರಿತನವಿರಲಿಲ್ಲ; ಓದಿಗೆ ಬೆಲೆಯಿತ್ತು.

ಪ್ರಾಥಮಿಕ ಶಿಕ್ಷಣದ ಅನಂತರ ಅವರು ಕಲ್ಕತ್ತದ ಹೆಸರಾಂತ ಹಿಂದೂ ಶಾಲೆಗೆ ಸೇರಿದರು. ಅಲ್ಲಿನ ಗಣಿತದ ಮೇಷ್ಟ್ರು ಉಪೇಂದ್ರನಾಥ ಬಕ್ಷಿಯವರು ಒಂದು ಪರೀಕ್ಷೆಯಲ್ಲಿ ಈ ಹುಡುಗನಿಗೆ ನೂರಕ್ಕೆ ನೂರಹತ್ತು ಅಂಕ ಕೊಟ್ಟ ಸಂಗತಿ ಬಂಗಾಳದಲ್ಲಿ ಮನೆಮಾತು. ಹುಡುಗ ಲೆಕ್ಕಗಳನ್ನೆಲ್ಲ ಬಿಡಿಸಿದ್ದಲ್ಲದೆ, ಕೆಲವನ್ನು ಒಂದಕ್ಕಿಂತ ಹೆಚ್ಚು ವಿಧಾನಗಳಿಂದ ಬಿಡಿಸಿದ್ದನು. ಒಂದೇ ಉತ್ತರಕ್ಕೆ ಹಲವು ದಾರಿಗಳನ್ನು ಹುಡುಕುವ ಈ ಸ್ವಭಾವವೇ ಮುಂದೆ ಅವರ ದೊಡ್ಡ ಕೆಲಸಕ್ಕೆ ಕಾರಣವಾಯಿತು.

1909ರಲ್ಲಿ ಪ್ರವೇಶ ಪರೀಕ್ಷೆಯನ್ನು ಮುಗಿಸಿ ಅವರು ಪ್ರೆಸಿಡೆನ್ಸಿ ಕಾಲೇಜಿಗೆ ಸೇರಿದರು. ಜಗದೀಶಚಂದ್ರ ಬೋಸ್ ಮತ್ತು ಪ್ರಫುಲ್ಲಚಂದ್ರ ರಾಯ್ ಅಲ್ಲಿ ಪಾಠ ಹೇಳುತ್ತಿದ್ದ ಕಾಲವದು. 1911ರಲ್ಲಿ ಢಾಕಾ ಕಡೆಯಿಂದ ಬಂದ ಮೇಘನಾದ ಸಹಾ ಅವರ ಸಹಪಾಠಿಯಾದರು. ಸಹಾ ಅವರು ಹಳ್ಳಿಯ ಸಣ್ಣ ಅಂಗಡಿಕಾರರೊಬ್ಬರ ಮಗ. ಕಷ್ಟಪಟ್ಟು, ವಿದ್ಯಾರ್ಥಿವೇತನಗಳನ್ನು ನೆಚ್ಚಿಕೊಂಡು ಓದಿ ಮೇಲೆ ಬಂದವರು. 1913ರ ಬಿ.ಎಸ್ಸಿ. ಪರೀಕ್ಷೆಯಲ್ಲಿಯೂ 1915ರ ಎಂ.ಎಸ್ಸಿ. ಪರೀಕ್ಷೆಯಲ್ಲಿಯೂ ಸತ್ಯೇಂದ್ರನಾಥರು ಮೊದಲಿಗರು, ಮೇಘನಾದರು ಎರಡನೆಯವರು. ಇಬ್ಬರೂ ಜೀವಮಾನದ ಗೆಳೆಯರಾದರು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿಬಿಡಬೇಕು. ಆ ಕಾಲದ ಕಾಲೇಜು ಶಿಕ್ಷಣವೆಲ್ಲ ಇಂಗ್ಲಿಷಿನಲ್ಲಿತ್ತು. ಬೋಸರು ಉನ್ನತ ಭೌತಶಾಸ್ತ್ರವನ್ನು ಬಂಗಾಳಿಯಲ್ಲಿ ಓದಿದವರಲ್ಲ. ಪರಭಾಷೆಯಲ್ಲಿ ಕಲಿಯುವಾಗ ಬುದ್ಧಿಯ ಮೇಲೆ ಬೀಳುವ ಹೊರೆಯನ್ನು ತಾವೇ ಹೊತ್ತು ತಿಳಿದವರು.

ಪದವಿ ಬಂತು, ಪುಸ್ತಕ ಇರಲಿಲ್ಲ

ಎಂ.ಎಸ್ಸಿ. ಯಲ್ಲಿ ಮೊದಲ ಸ್ಥಾನ ಬಂದೊಡನೆ ಕೆಲಸವೇನೂ ಕಾದಿರಲಿಲ್ಲ. ಅಷ್ಟರಲ್ಲಿ ಅವರಿಗೆ ಮದುವೆಯೂ ಆಗಿತ್ತು. ಕೆಲವು ಕಾಲ ಅವರು ಮನೆಪಾಠ ಹೇಳಿದರು. ಆಗ ಕೈಹಿಡಿದವರು ಆಶುತೋಷ ಮುಖರ್ಜಿ. ಕಲ್ಕತ್ತ ವಿಶ್ವವಿದ್ಯಾಲಯಕ್ಕೆ ತಾರಕನಾಥ ಪಾಲಿತ್ ಮತ್ತು ರಾಸವಿಹಾರಿ ಘೋಷ್ ಎಂಬ ಇಬ್ಬರು ವಕೀಲರು ಕೊಟ್ಟ ದೊಡ್ಡ ದಾನದಿಂದ ಅವರು ವಿಜ್ಞಾನ ಕಾಲೇಜೊಂದನ್ನು ಕಟ್ಟಿದ್ದರು. ಹೊಸ ಭೌತಶಾಸ್ತ್ರವನ್ನು ಅಲ್ಲಿ ಕಲಿಸಬೇಕಿತ್ತು. ಕಲಿಸಬಲ್ಲವರು ಮಾತ್ರ ವಿರಳ. ಕೆಲವೇ ವರ್ಷಗಳ ಹಿಂದೆ ವಿದ್ಯಾರ್ಥಿಗಳಾಗಿದ್ದ ಬೋಸ್ ಮತ್ತು ಸಹಾ ಅವರಿಗೇ ಆ ಹೊಣೆ ಬಂತು. ತಾವು ಕಲಿಯದಿದ್ದ ವಿಷಯವನ್ನು ಕಲಿತುಕೊಂಡು ಕಲಿಸಬೇಕಾದ ಪರಿಸ್ಥಿತಿ.

ಹೊಸ ಸಿದ್ಧಾಂತಗಳು ಆಗ ಹುಟ್ಟುತ್ತಿದ್ದುದು ಜರ್ಮನ್ ಭಾಷೆಯಲ್ಲಿ. ಮೊದಲ ಮಹಾಯುದ್ಧ ನಡೆಯುತ್ತಿದ್ದುದರಿಂದ ಜರ್ಮನಿಯ ಪುಸ್ತಕಗಳೂ ಪತ್ರಿಕೆಗಳೂ ಭಾರತಕ್ಕೆ ಬರುತ್ತಿರಲಿಲ್ಲ. ಶಿಬ್‌ಪುರದ ಎಂಜಿನಿಯರಿಂಗ್ ಕಾಲೇಜಿನಲ್ಲಿದ್ದ ಬ್ರೂಲ್ ಎಂಬ ಜರ್ಮನ್ ಮೂಲದ ಪ್ರಾಧ್ಯಾಪಕರ ಬಳಿ ಅಂತಹ ಪುಸ್ತಕಗಳಿವೆಯೆಂದು ತಿಳಿದು, ಗೆಳೆಯರು ಅವನ್ನು ಎರವಲು ತಂದು ಓದಿದರು. ಅದಕ್ಕಾಗಿ ಜರ್ಮನ್ ಕಲಿತರು; ಸತ್ಯೇಂದ್ರನಾಥರು ಫ್ರೆಂಚನ್ನೂ ಕಲಿತರು. 1918ರಲ್ಲಿ ಇಬ್ಬರೂ ಸೇರಿ ಅನಿಲಗಳ ವರ್ತನೆಯ ಬಗ್ಗೆ ಬರೆದ ಪ್ರಬಂಧವು ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜೀನ್ ಎಂಬ ಪತ್ರಿಕೆಯಲ್ಲಿ ಪ್ರಕಟವಾಯಿತು. 1920ರಲ್ಲಿ ಐನ್‌ಸ್ಟೈನ್ ಮತ್ತು ಮಿಂಕೋವ್‌ಸ್ಕಿಯವರ ಸಾಪೇಕ್ಷತಾ ಸಿದ್ಧಾಂತದ ಪ್ರಬಂಧಗಳನ್ನು ಅವರು ಜರ್ಮನ್‌ನಿಂದ ಇಂಗ್ಲಿಷಿಗೆ ಅನುವಾದಿಸಿದ ಪುಸ್ತಕವನ್ನು ಕಲ್ಕತ್ತ ವಿಶ್ವವಿದ್ಯಾಲಯವೇ ಹೊರತಂದಿತು. ಸಂಶೋಧನೆಗೆ ಮಾರ್ಗದರ್ಶಕರಿಲ್ಲದ, ಪುಸ್ತಕಗಳೂ ಇಲ್ಲದ ಊರಿನಲ್ಲಿ ಇಪ್ಪತ್ತೈದರ ಆಸುಪಾಸಿನ ಇಬ್ಬರು ತರುಣರು ಮಾಡಿದ ಕೆಲಸವಿದು.

ಢಾಕಾದ ತರಗತಿಯಲ್ಲಿ ಹುಟ್ಟಿದ ಪ್ರಶ್ನೆ

1921ರಲ್ಲಿ ಢಾಕಾ ವಿಶ್ವವಿದ್ಯಾಲಯ ಆರಂಭವಾದಾಗ ಬೋಸರು ಭೌತಶಾಸ್ತ್ರದ ರೀಡರ್ ಆಗಿ ಅಲ್ಲಿಗೆ ಹೋದರು. ಎಲ್ಲವೂ ಹೊಸತು, ಪ್ರಯೋಗಾಲಯವನ್ನೂ ಪುಸ್ತಕಭಂಡಾರವನ್ನೂ ಕಟ್ಟಿಕೊಳ್ಳಬೇಕಾಗಿತ್ತು. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಅವರು ಪ್ಲಾಂಕ್ ನಿಯಮವನ್ನು ಪಾಠ ಮಾಡುತ್ತಿದ್ದರು.

ಈ ನಿಯಮವನ್ನು ನಮ್ಮ ಮಕ್ಕಳಿಗೆ ಹೀಗೆ ಹೇಳಬಹುದು. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಕಾದಂತೆಲ್ಲ ಮೊದಲು ಕೆಂಪಾಗಿ, ಆಮೇಲೆ ಹಳದಿಯಾಗಿ, ಕೊನೆಗೆ ಬಿಳುಪಿಗೆ ತಿರುಗುತ್ತದೆ. ಯಾವ ಶಾಖದಲ್ಲಿ ಯಾವ ಬಣ್ಣದ ಬೆಳಕು ಎಷ್ಟು ಹೊಮ್ಮುತ್ತದೆ ಎಂಬುದನ್ನು ಹೇಳುವ ಸೂತ್ರವನ್ನು ಮ್ಯಾಕ್ಸ್ ಪ್ಲಾಂಕ್ 1900ರಲ್ಲಿ ಕಂಡುಹಿಡಿದರು. ಶಕ್ತಿಯು ಸಣ್ಣ ಸಣ್ಣ ಪೊಟ್ಟಣಗಳಾಗಿ ವಿನಿಮಯವಾಗುತ್ತದೆ ಎಂಬ ಹೊಸ ಕಲ್ಪನೆ ಅದರಲ್ಲಿತ್ತು. ಸೂತ್ರವು ಪ್ರಯೋಗಗಳೊಡನೆ ಸರಿಯಾಗಿ ಹೊಂದುತ್ತಿತ್ತು. ಆದರೆ ಅದನ್ನು ಸಾಧಿಸುವ ದಾರಿಯಲ್ಲಿ ಬೆಳಕು ಅಲೆ ಎನ್ನುವ ಹಳೆಯ ಸಿದ್ಧಾಂತ ಅರ್ಧ, ಪೊಟ್ಟಣದ ಹೊಸ ಕಲ್ಪನೆ ಅರ್ಧ ಬೆರೆತಿದ್ದವು. ತಮಗೇ ಒಪ್ಪಿಗೆಯಾಗದ ದಾರಿಯನ್ನು ವಿದ್ಯಾರ್ಥಿಗಳಿಗೆ ಹೇಳಿಕೊಡಲು ಬೋಸರ ಮನಸ್ಸು ಒಪ್ಪಲಿಲ್ಲ. 1924ರಲ್ಲಿ ಢಾಕಾಕ್ಕೆ ಬಂದಿದ್ದ ಮೇಘನಾದ ಸಹಾ ಅವರೂ ಈ ವಿಷಯದ ಹೊಸ ಪ್ರಬಂಧಗಳತ್ತ ಗೆಳೆಯನ ಗಮನ ಸೆಳೆದರು.

ಬೋಸರು ಅಲೆಯನ್ನು ಪೂರ್ತಿಯಾಗಿ ಬದಿಗಿಟ್ಟು, ಬೆಳಕನ್ನು ಕಣಗಳ ಅನಿಲವೆಂದೇ ಭಾವಿಸಿ ಎಣಿಸಿದರು. ಆ ಎಣಿಕೆಯ ರೀತಿಯೇ ಹೊಸದು. ಎರಡು ಡಬ್ಬಿಗಳಿವೆ, ಒಂದು ಕೆಂಪು ಗೋಲಿ, ಒಂದು ನೀಲಿ ಗೋಲಿ ಇವೆ ಎನ್ನೋಣ. ಗೋಲಿಗಳನ್ನು ಡಬ್ಬಿಗಳಲ್ಲಿ ಹಾಕಲು ನಾಲ್ಕು ಬಗೆಗಳಿವೆ: ಎರಡೂ ಮೊದಲನೆಯದರಲ್ಲಿ, ಎರಡೂ ಎರಡನೆಯದರಲ್ಲಿ, ಕೆಂಪು ಇಲ್ಲಿ ನೀಲಿ ಅಲ್ಲಿ, ನೀಲಿ ಇಲ್ಲಿ ಕೆಂಪು ಅಲ್ಲಿ. ಆದರೆ ಆ ಗೋಲಿಗಳ ನಡುವೆ ಯಾವ ವ್ಯತ್ಯಾಸವನ್ನೂ ಯಾರಿಂದಲೂ ಗುರುತಿಸಲಾಗದಿದ್ದರೆ, ಕೊನೆಯ ಎರಡು ಬಗೆಗಳು ಒಂದೇ ಆಗಿಬಿಡುತ್ತವೆ. ಆಗ ಉಳಿಯುವುದು ಮೂರು ಬಗೆ. ಮೂರರಲ್ಲಿ ಎರಡರಲ್ಲಿ ಗೋಲಿಗಳು ಒಂದೇ ಡಬ್ಬಿಯಲ್ಲಿ ಜೊತೆಗೂಡಿರುತ್ತವೆ. ಬೆಳಕಿನ ಕಣಗಳು ಹೀಗೆ ಒಂದರಿಂದೊಂದನ್ನು ಬೇರ್ಪಡಿಸಲಾಗದವು ಎಂಬಂತೆ ಎಣಿಸಿದಾಗ ಪ್ಲಾಂಕ್ ಸೂತ್ರವು ತಾನೇ ತಾನಾಗಿ ದೊರೆಯಿತು. ಹಳೆಯ ಸಿದ್ಧಾಂತದ ಊರುಗೋಲು ಬೇಕಾಗಲಿಲ್ಲ.

ಇಂಗ್ಲಿಷಿನಲ್ಲಿ ಬರೆದ ಈ ಚಿಕ್ಕ ಪ್ರಬಂಧವನ್ನು ಅವರು ಫಿಲಾಸಫಿಕಲ್ ಮ್ಯಾಗಜೀನಿಗೆ ಕಳುಹಿಸಿದರು. ಅದು ಅಲ್ಲಿ ಪ್ರಕಟವಾಗಲಿಲ್ಲ. 1924ರ ಜೂನ್ 4ರಂದು ಬೋಸರು ಅದನ್ನು ನೇರವಾಗಿ ಬರ್ಲಿನ್ನಿನಲ್ಲಿದ್ದ ಐನ್‌ಸ್ಟೈನರಿಗೆ ಕಳುಹಿಸಿ, ಯೋಗ್ಯವೆನಿಸಿದರೆ ಜರ್ಮನ್ ಪತ್ರಿಕೆಯೊಂದರಲ್ಲಿ ಪ್ರಕಟಿಸಲು ನೆರವಾಗಬೇಕೆಂದು ಕೋರಿದರು. ಅದನ್ನು ತಾವೇ ಅನುವಾದಿಸುವಷ್ಟು ಜರ್ಮನ್ ತಮಗೆ ಬಾರದೆಂದೂ ಸಂಕೋಚವಿಲ್ಲದೆ ತಿಳಿಸಿದರು. ಐನ್‌ಸ್ಟೈನರು ಪ್ರಬಂಧವನ್ನು ತಮ್ಮ ಕೈಯಾರೆ ಜರ್ಮನ್ ಭಾಷೆಗೆ ಅನುವಾದಿಸಿ, ಮೆಚ್ಚುಗೆಯ ಟಿಪ್ಪಣಿಯೊಂದಿಗೆ ಅದೇ ವರ್ಷ ಪ್ರಕಟಿಸಿದರು. ಅದೇ ಎಣಿಕೆಯನ್ನು ಪರಮಾಣುಗಳಿಗೂ ಅನ್ವಯಿಸಿ, ಅತಿಶೀತಲ ಸ್ಥಿತಿಯಲ್ಲಿ ಪರಮಾಣುಗಳು ಒಂದೇ ನೆಲೆಯಲ್ಲಿ ಒಟ್ಟುಗೂಡುತ್ತವೆ ಎಂದು ಊಹಿಸಿದರು. ಇಂದು ಇದಕ್ಕೆ ಬೋಸ್–ಐನ್‌ಸ್ಟೈನ್ ಸಂಖ್ಯಾಶಾಸ್ತ್ರ ಎಂದು ಹೆಸರು.

ಪ್ಯಾರಿಸ್ಸಿನಲ್ಲಿ ಒಂದು ಮೌನ

ಐನ್‌ಸ್ಟೈನರ ಅಂಚೆಕಾರ್ಡು ಢಾಕಾಕ್ಕೆ ಬಂದದ್ದೇ ತಡ, ವಿದೇಶದಲ್ಲಿ ಅಧ್ಯಯನಕ್ಕಾಗಿ ಬೋಸರು ಕೇಳಿದ್ದ ಎರಡು ವರ್ಷಗಳ ರಜೆ ಸುಲಭವಾಗಿ ಮಂಜೂರಾಯಿತು. 1924ರ ಅಕ್ಟೋಬರಿನಲ್ಲಿ ಅವರು ಪ್ಯಾರಿಸ್ ತಲುಪಿದರು. ಮೇರಿ ಕ್ಯೂರಿಯವರ ಪ್ರಯೋಗಾಲಯದಲ್ಲಿ ಕೆಲಸ ಕಲಿಯುವ ಆಸೆಯಿಂದ ಅವರನ್ನು ಕಂಡರು. ಕ್ಯೂರಿಯವರು ಆದರದಿಂದಲೇ ಮಾತನಾಡಿಸಿ, ಇಂಗ್ಲಿಷಿನಲ್ಲಿ, ಮೊದಲು ಕೆಲವು ತಿಂಗಳು ಫ್ರೆಂಚ್ ಕಲಿತು ಬರುವಂತೆ ಸೂಚಿಸಿದರು. ಬೋಸರಿಗೆ ಫ್ರೆಂಚ್ ಚೆನ್ನಾಗಿ ಬರುತ್ತಿತ್ತು. ಆದರೆ ಆ ಮಾತನ್ನು ಹೇಳಲು ಸಂಕೋಚಪಟ್ಟು ಸುಮ್ಮನೆ ಹಿಂದಿರುಗಿದರು.

ದೊಡ್ಡವರ ಎದುರು ತಿಳಿದದ್ದನ್ನೂ ಹೇಳಲಾರದೆ ನಿಲ್ಲುವ ಈ ಸಂಕೋಚ ನಮ್ಮ ಮಕ್ಕಳಿಗೆ ಹೊಸದಲ್ಲ. ಜಗತ್ತೇ ಮೆಚ್ಚಿದ ಪ್ರಬಂಧ ಬರೆದಾತನಿಗೂ ಅದು ತಪ್ಪಲಿಲ್ಲ. ಇದರಿಂದ ಅವರ ಅಧ್ಯಯನವೇನೂ ನಿಲ್ಲಲಿಲ್ಲ. ಮಾರಿಸ್ ದ ಬ್ರೋಯಿಯವರ ಪ್ರಯೋಗಾಲಯದಲ್ಲಿ ಎಕ್ಸ್-ಕಿರಣಗಳ ಕೆಲಸ ಕಲಿತು, 1925ರಲ್ಲಿ ಬರ್ಲಿನ್ನಿಗೆ ಹೋಗಿ ಐನ್‌ಸ್ಟೈನರನ್ನು ಭೇಟಿಯಾದರು.

1926ರಲ್ಲಿ ಮರಳಿದಾಗ ಢಾಕಾದಲ್ಲಿ ಪ್ರಾಧ್ಯಾಪಕ ಹುದ್ದೆ ಖಾಲಿಯಿತ್ತು. ಬೋಸರಿಗೆ ಡಾಕ್ಟರೇಟ್ ಇರಲಿಲ್ಲ. ಗೆಳೆಯರ ಒತ್ತಾಯದಿಂದ ಐನ್‌ಸ್ಟೈನರ ಶಿಫಾರಸನ್ನು ಕೋರಬೇಕಾಯಿತು. ಹಾಗಿದ್ದೂ ಆಯ್ಕೆ ಮೊದಲು ಇನ್ನೊಬ್ಬ ವಿದ್ವಾಂಸರ ಪಾಲಾಗಿ, ಅವರು ಬಾರದಿದ್ದುದರಿಂದ 1927ರಲ್ಲಿ ಬೋಸರಿಗೆ ದೊರೆಯಿತು.

ಅವರ ಬಾಳನ್ನು ಬರಿಯ ಗೆಲುವಿನ ಕತೆಯಾಗಿ ಹೇಳುವುದೂ ಸರಿಯಲ್ಲ. ಅವರ ಎರಡನೆಯ ಪ್ರಬಂಧವನ್ನೂ ಐನ್‌ಸ್ಟೈನರು ಅನುವಾದಿಸಿ ಪ್ರಕಟಿಸಿದರಾದರೂ, ಅದರ ವಾದವನ್ನು ತಾವು ಒಪ್ಪುವುದಿಲ್ಲವೆಂಬ ಟಿಪ್ಪಣಿಯನ್ನೂ ಸೇರಿಸಿದ್ದರು. ಅನಂತರದ ವರ್ಷಗಳಲ್ಲಿ ಬೋಸರು ಪ್ರಕಟಿಸಿದ ಪ್ರಬಂಧಗಳು ಕಡಿಮೆ. ನೊಬೆಲ್ ಪ್ರಶಸ್ತಿ ಅವರಿಗೆ ಬರಲಿಲ್ಲ. ಢಾಕಾದಲ್ಲಿ ಅವರು ಪಾಠ ಹೇಳಿದರು, ಎಕ್ಸ್-ಕಿರಣ ಪ್ರಯೋಗಾಲಯ ಕಟ್ಟಿದರು, ಬೇಕಾದ ಉಪಕರಣಗಳನ್ನು ಅಲ್ಲಿಯ ಕಾರ್ಯಾಗಾರದಲ್ಲೇ ಮಾಡಿಸಿದರು, ವಿದ್ಯಾರ್ಥಿಗಳನ್ನು ಬೆಳೆಸಿದರು. ಬಿಡುವಿನಲ್ಲಿ ಎಸ್ರಾಜ್ ಎಂಬ ತಂತಿವಾದ್ಯವನ್ನು ನುಡಿಸುತ್ತಿದ್ದರು. ಸಂಶೋಧಕನ ವೃತ್ತಿಯೆಂದರೆ ಬಹುಪಾಲು ಇಂತಹ ದಿನನಿತ್ಯದ ದುಡಿಮೆಯೇ. ದೊಡ್ಡ ಹೊಳಹು ಬಾಳಿನಲ್ಲಿ ಒಮ್ಮೆ ಬಂದರೆ ಅದೇ ಭಾಗ್ಯ.

ಗಡಿ ಬಂದ ಮೇಲೆ

1937ರಲ್ಲಿ ರವೀಂದ್ರನಾಥ ಠಾಕೂರರು ವಿಶ್ವಪರಿಚಯ ಎಂಬ ವಿಜ್ಞಾನದ ಪುಸ್ತಕವನ್ನು ಬಂಗಾಳಿಯಲ್ಲಿ ಬರೆದು ಸತ್ಯೇಂದ್ರನಾಥರಿಗೆ ಅರ್ಪಿಸಿದರು. 1945ರಲ್ಲಿ ಬೋಸರು ಕಲ್ಕತ್ತ ವಿಶ್ವವಿದ್ಯಾಲಯದ ಖೈರಾ ಪ್ರಾಧ್ಯಾಪಕರಾಗಿ ಹುಟ್ಟೂರಿಗೆ ಮರಳಿದರು. ಎರಡೇ ವರ್ಷಗಳಲ್ಲಿ ದೇಶ ವಿಭಜನೆಯಾಯಿತು. ಇಪ್ಪತ್ತನಾಲ್ಕು ವರ್ಷ ದುಡಿದ ಢಾಕಾ ಬೇರೆ ದೇಶಕ್ಕೆ ಸೇರಿತು. ಒಂದೇ ನುಡಿಯನ್ನಾಡುವ ಜನರ ನಡುವೆ ಗಡಿಯೊಂದು ಹಾದುಹೋಯಿತು. ಆ ನೋವಿನ ಬಗೆ ಎಂಥದೆಂದು ಗಡಿನಾಡಿನವರಾದ ನಾವು ತಕ್ಕಮಟ್ಟಿಗೆ ಊಹಿಸಬಲ್ಲೆವು.

1948ರ ಜನವರಿಯಲ್ಲಿ ಅವರು ಬಂಗೀಯ ವಿಜ್ಞಾನ ಪರಿಷತ್ತನ್ನು ಸ್ಥಾಪಿಸಿದರು. ತಾಯ್ನುಡಿಯಲ್ಲಿ ವಿಜ್ಞಾನವನ್ನು ಜನರಿಗೆ ತಲುಪಿಸುವುದು ಅದರ ಗುರಿ. ಜ್ಞಾನ ಓ ವಿಜ್ಞಾನ ಎಂಬ ಮಾಸಪತ್ರಿಕೆಯೂ ಆಗಲೇ ಆರಂಭವಾಯಿತು. ಉನ್ನತ ವಿಜ್ಞಾನವನ್ನು ದೇಶಭಾಷೆಗಳಲ್ಲಿ ಹೇಳಲಾಗದು ಎನ್ನುವವರ ಮಾತನ್ನು ಬೋಸರು ಒಪ್ಪುತ್ತಿರಲಿಲ್ಲ. ಕೊರತೆ ಭಾಷೆಯದಲ್ಲ, ನಮ್ಮ ಪ್ರಯತ್ನದ್ದು ಎಂಬುದು ಅವರ ನಿಲುವು. 1962ರಲ್ಲಿ ಜಪಾನಿಗೆ ಹೋದಾಗ, ಅಲ್ಲಿನ ವಿದ್ವಾಂಸರು ಗಹನವಾದ ವಿಷಯಗಳನ್ನೂ ತಮ್ಮ ನುಡಿಯಲ್ಲಿಯೇ ಚರ್ಚಿಸುವುದನ್ನು ಕಂಡು ಅವರ ನಂಬಿಕೆ ಗಟ್ಟಿಯಾಯಿತು. 1963ರಲ್ಲಿ ಪರಿಷತ್ತಿನ ಪತ್ರಿಕೆಯು ಬಂಗಾಳಿಯಲ್ಲಿ ಬರೆದ ಸ್ವಂತ ಸಂಶೋಧನಾ ಪ್ರಬಂಧಗಳನ್ನು ಮಾತ್ರ ಒಳಗೊಂಡ ವಿಶೇಷ ಸಂಚಿಕೆಯನ್ನು ಹೊರತಂದಿತು. ವಾದಕ್ಕೆ ಬದಲು ಮಾಡಿ ತೋರಿಸಿದ ಉತ್ತರವದು.

ಇಂತಹ ಪ್ರಯತ್ನ ಕನ್ನಡದಲ್ಲಿ ಇನ್ನೂ ಮೊದಲೇ ನಡೆದಿತ್ತು ಎಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿಯೇ ವಿಜ್ಞಾನ ಎಂಬ ಕನ್ನಡ ಮಾಸಪತ್ರಿಕೆಯನ್ನು ಆರಂಭಿಸಿದ್ದರು. ಅದು ಎರಡು ವರ್ಷಗಳಲ್ಲಿ ನಿಂತುಹೋದದ್ದು ಭಾಷೆಗೆ ಶಕ್ತಿ ಸಾಲದೆ ಅಲ್ಲ.

ಬೋಸರಿಗೆ 1954ರಲ್ಲಿ ಪದ್ಮವಿಭೂಷಣ ಗೌರವ ಸಂದಿತು. 1956ರಿಂದ 1958ರವರೆಗೆ ಅವರು ವಿಶ್ವಭಾರತಿಯ ಉಪಕುಲಪತಿಯಾಗಿದ್ದರು. 1958ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು. ಮುಂದೆ ರಾಷ್ಟ್ರೀಯ ಪ್ರಾಧ್ಯಾಪಕರೂ ಆದರು. 1974ರ ಫೆಬ್ರವರಿ 4ರಂದು ಕಲ್ಕತ್ತದಲ್ಲಿ ನಿಧನರಾದರು. ಅವರು ತೀರಿಕೊಂಡು ಇಪ್ಪತ್ತೊಂದು ವರ್ಷಗಳಾದ ಮೇಲೆ, 1995ರಲ್ಲಿ, ಅಮೆರಿಕದ ಬೌಲ್ಡರ್ ಎಂಬಲ್ಲಿ ರುಬಿಡಿಯಂ ಪರಮಾಣುಗಳನ್ನು ಅತಿಯಾಗಿ ತಂಪಾಗಿಸಿದಾಗ ಅವು ಒಟ್ಟುಗೂಡಿದ್ದನ್ನು ವಿಜ್ಞಾನಿಗಳು ಕಂಡರು. ಢಾಕಾದ ತರಗತಿಯಲ್ಲಿ ಮೊಳೆತ ಎಣಿಕೆ ಎಪ್ಪತ್ತು ವರ್ಷಗಳ ಅನಂತರ ಪ್ರಯೋಗಾಲಯದಲ್ಲಿ ಕಣ್ಣಿಗೆ ಕಾಣಿಸಿತು. ಆ ಕೆಲಸಕ್ಕೆ 2001ರ ನೊಬೆಲ್ ಪ್ರಶಸ್ತಿ ಬಂತು.

ನಮ್ಮ ಮನೆಗಳಿಗೆ

ಈ ಬಾಳಿನಿಂದ, ಇಂಗ್ಲಿಷ್ ಬೇಡವೆಂಬ ತೀರ್ಮಾನವನ್ನು ನಾವು ತೆಗೆಯುವುದಿಲ್ಲ. ಬೋಸರು ಇಂಗ್ಲಿಷಿನಲ್ಲಿ ಬರೆದರು, ಜರ್ಮನ್ ಓದಿದರು, ಫ್ರೆಂಚ್ ಕಲಿತರು. ಭೌತಶಾಸ್ತ್ರದಲ್ಲಿ ಮುಂದುವರಿಯುವ ನಮ್ಮ ಮಕ್ಕಳಿಗೂ ಇಂಗ್ಲಿಷ್ ಬೇಕೇ ಬೇಕು. ಹತ್ತನೆಯ ತರಗತಿ ಮುಗಿದ ರಜೆಯಿಂದಲೇ ಅದರ ಅಭ್ಯಾಸ ಆರಂಭವಾದರೆ ಒಳ್ಳೆಯದು. ಹನ್ನೊಂದನೆಯ ತರಗತಿಯ ಮೊದಲ ಕೆಲವು ತಿಂಗಳು ಕಷ್ಟವಾಗುವುದೂ ನಿಜ. ಆದರೆ ಆ ಕಷ್ಟವು ಹೊಸ ಪದಗಳದು. ಮಗುವಿನ ಬುದ್ಧಿಯದಲ್ಲ, ಕನ್ನಡ ಶಾಲೆಯದೂ ಅಲ್ಲ. ಬಲ, ವೇಗ, ಶಕ್ತಿ ಎಂಬ ಕಲ್ಪನೆಗಳನ್ನು ಕನ್ನಡದಲ್ಲಿ ಸರಿಯಾಗಿ ಅರಿತ ಮಗುವಿಗೆ ಇಂಗ್ಲಿಷಿನಲ್ಲಿ ಕಲಿಯಬೇಕಾಗುವುದು ಹೆಸರುಗಳನ್ನು ಮಾತ್ರ.

ಆ ದಿನಗಳಲ್ಲಿ ಮನೆಯವರು ಮಾಡಬಹುದಾದ ಒಂದು ಕೆಲಸವಿದೆ. ಮಗು ಕಾಲೇಜಿನಲ್ಲಿ ಕಲಿತ ಪಾಠವನ್ನು ಸಂಜೆ ಮನೆಯಲ್ಲಿ ಅಜ್ಜಿಗೋ ತಮ್ಮನಿಗೋ ಕನ್ನಡದಲ್ಲಿ ಬಿಡಿಸಿ ಹೇಳಲಿ. ಎಲ್ಲಿ ಮಾತು ತಡವರಿಸುತ್ತದೆಯೋ ಅಲ್ಲಿ ಪಾಠ ಅರ್ಥವಾಗಿಲ್ಲವೆಂದು ಅದಕ್ಕೇ ತಿಳಿಯುತ್ತದೆ. ವಿದ್ಯಾರ್ಥಿಗಳಿಗೆ ತೃಪ್ತಿಯಾಗುವಂತೆ ವಿವರಿಸಲು ಹೊರಟಾಗಲೇ ಬೋಸರಿಗೂ ಪ್ಲಾಂಕ್ ಸೂತ್ರದ ಬಿರುಕು ಕಂಡದ್ದು.

ಈ ವರ್ಷ ವಿಜ್ಞಾನ ವಿಭಾಗಕ್ಕೆ ಕಾಲಿಡುತ್ತಿರುವ ಗಡಿನಾಡಿನ ನಮ್ಮ ಮಕ್ಕಳು ಈ ಮೇಷ್ಟ್ರ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಲಿ. ಅವರ ಕಿರಿಯ ತಮ್ಮತಂಗಿಯರು ಕನ್ನಡ ಶಾಲೆಯಲ್ಲಿಯೇ ಓದು ಮುಂದುವರಿಸಲಿ ಎಂಬುದು ನಮ್ಮ ಹಾರೈಕೆ.